ಅಕ್ಕನಾಗಮ್ಮನ ಕೈಗುಣ

ಮಗ ಹಂಪೇಶ್ ಮುಂದೆ ಹಿಡಿದ ಟಬ್ಬಿನಲ್ಲಿ ಏಡಿಮರಿಗಳು ಒಂದರ ಮೇಲೊಂದು ಹತ್ತಿ ಬುಳುಬುಳು ಹರಿದಾಡುತ್ತಿದ್ದವು. ಹಸಿ ನಾತ ಮೂಗಿಗೆ ಬಡಿದದ್ದೇ ಅಕ್ಕನಾಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೊದಲನೇ ಬೊಗಸಿ ನೀನ ಬಿಡವ್ವ. ನಿನ್ನ ಕೈಗುಣ ಭಾಳ ಚಲೋ."

"ಲಿಂಗಪೂಜಿ ಮಾಡೋ ಕೈಲೆ ಈ ಹೊಲಸು ಮುಟ್ಲೇನಲೇ? ಥೂ!"

"ನಾವೇನ್ ತಿಂತೀವೇನವ್ವ? ಸಾಕಿ ಮಾರೋದಷ್ಟ."

ಕಂಪ್ಲಿ ಕಾಲುವೆಯ ಕೆಳಗಿನ ಈ ಗದ್ದೆಯಲ್ಲಿ ಪ್ರತಿ ವರ್ಷ ಭತ್ತದ ಮೊದಲ ಹಿಡಿ ಚೆಲ್ಲುತ್ತಿದ್ದವಳು ಅವಳೇ. ಬದುವಿಗೆ ತೂತು ಕೊರೆದು ನೀರು ಸೋರಿಸುವ ಏಡಿ ಕಂಡರೆ ಹಿಮ್ಮಡಿಯಲ್ಲಿ ಅರೆದುಬಿಡುತ್ತಿದ್ದಳು. ಈಗ ಗದ್ದೆ ತೋಡಿ ಹೊಂಡ ಮಾಡಿ, ಅದೇ ಪೀಡೆಯನ್ನು ಸಾಕಲು ನಿಂತಿದ್ದಾನೆ ಮಗ. ಅವಳು ಮುಟ್ಟುವ ತನಕ ಟಬ್ಬು ಕೆಳಗಿಡುವ ಹಾಗೆ ಕಾಣಲಿಲ್ಲ. ಇನ್ನೂ ಹತ್ತಿರಕ್ಕೆ ಚಾಚಿದ.

ಕಣ್ಣು ಮುಚ್ಚಿ ಬೊಗಸೆ ಅದ್ದಿದಳು. ಅಂಗೈ ತುಂಬ ಸಣ್ಣ ಸಣ್ಣ ಕಾಲುಗಳು ಪರಚಾಡಿದವು, ಒಂದು ಮರಿ ಬಳೆಗಳ ಸಂದಿಗೆ ನುಸುಳಿತು. ತೊಲಗಿದರೆ ಸಾಕೆಂದು ಹೊಂಡಕ್ಕೆ ಚೆಲ್ಲಿದಳು. ಚೆಲ್ಲಿದ್ದೇ ತಡ, ಬಿತ್ತನೆಯ ರೂಢಿಯ ಮಾತು ತಾನಾಗಿ ಬಾಯಿಂದ ಜಾರಿತು.

"ಹುಲುಸಾಗ್ಲಿ!"

"ಅಂದಬಿಟ್ಟಿ ನೋಡವ್ವ!" ಹಂಪೇಶನ ಮುಖ ಅರಳಿತು.

ಅಕ್ಕನಾಗಮ್ಮ ಮಣ್ಣು ಹಚ್ಚಿ ಕೈ ತಿಕ್ಕಿದಳು, ಮತ್ತೆ ತಿಕ್ಕಿದಳು. ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿದಳು. ಹರಸಿದ ಮಾತು ಮಾತ್ರ ಆಗಲೇ ಮರಿಗಳ ಜೊತೆ ಕೆಸರಿಗೆ ಇಳಿದುಹೋಗಿತ್ತು.