ಹದಿನೇಳನೇ ಖಾನೆ

ಸಕ್ಕರೆ ಕಾಯಿಲೆಗೆ ಮೂರು ಹೊಸ ಔಷಧಿ, ಒಂದೊಂದಕ್ಕೂ ಎಂಟೆಂಟು ರೋಗಿಗಳು. ಯಾವುದು ಮೇಲೆಂದು ಲೆಕ್ಕ ಕಟ್ಟಿಕೊಡಲು ಬೇರೆ ಊರಿನಿಂದ ಸಂಖ್ಯಾಶಾಸ್ತ್ರದ ಮೇಷ್ಟ್ರು ಬಂದಿದ್ದರು. ಆಸ್ಪತ್ರೆಯ ಗುಮಾಸ್ತೆ ನಾಗವೇಣಿ ಕಲ್ಲಿನಂತೆ ಕೂತು ಕಂಪ್ಯೂಟರಿಗೆ ಅಂಕಿಗಳನ್ನು ತುಂಬುತ್ತಿದ್ದಳು. ಪಟ್ಟಿಯಲ್ಲಿ ರೋಗಿಗಳಿಗೆ ಹೆಸರಿರಲಿಲ್ಲ, ನಂಬರು ಮಾತ್ರ.

“ಹದಿನೇಳು ಯಾಕಮ್ಮ ಖಾಲಿ?”

“ಕೊನೇ ಪರೀಕ್ಷೆಗೆ ಬರಲಿಲ್ಲ ಸಾರ್.”

“ಪುಣ್ಯಾತ್ಮ! ಅದೊಂದು ಖಾನೆಗೋಸ್ಕರ ಎರಡು ವರ್ಷದ ಪ್ರಯೋಗ ನೀರಲ್ಲಿ ಹೋಮ ಆಗ್ಬೇಕಾ? ಉಳಿದೋರ ಅಂಕಿ ನೋಡ್ಕೊಂಡು ಕಂಪ್ಯೂಟರೇ ಅಂದಾಜು ಕಟ್ಟುತ್ತೆ, ಒತ್ತಿ.”

ಒತ್ತಿದಳು. ನೂರ ಹದಿನೆಂಟು ಎಂದು ಬಂತು. ಖಾನೆ ತುಂಬಿತು, ಮೂರನೇ ಔಷಧಿ ಗೆದ್ದಿತು.

“ನೋಡಿದ್ರಾ, ಬಂದಿದ್ರೂ ಅವನ ಸಕ್ಕರೆ ಇಷ್ಟೇ ಇರ್ತಿತ್ತು! ಈ ಔಷಧಿ ಮಾತ್ರ ಬಿಡ್ಬೇಡಪ್ಪ ಅಂತ ಆ ಸೋಮಾರಿಗೆ ಈಗ್ಲೇ ಫೋನ್ ಮಾಡಿ ಹೇಳಿ.”

ನಾಗವೇಣಿ ಮೇಜಿನ ಫೋನೆತ್ತಿ, ಎಲ್ಲೂ ನೋಡದೆಯೇ ಹತ್ತು ಅಂಕಿ ಒತ್ತಿದಳು. ಅವಳ ಕೈಚೀಲದೊಳಗೆ ಇನ್ನೊಂದು ಫೋನು ಹಾಡತೊಡಗಿತು.

“ಅದ್ಯಾರದಮ್ಮ? ಎತ್ತಬಾರದಾ?”

“ನಮ್ಮೆಜಮಾನ್ರದು ಸಾರ್. ಎತ್ತೋರು ಹೋಗಿ ಇವತ್ತಿಗೆ ಹದಿನಾರು ದಿನ.”