ಬೆಣ್ಣೆಯಂತೆ ಬಂದ ಜಾಯಿಂಟು

"ಲ್ಯಾಬಿನವರು ಬೇರೆ ಯಾರದೋ ರಕ್ತ ನೋಡಿದ್ದಾರೆ ಡಾಕ್ಟರಮ್ಮ. ಇದು ನನ್ನದಲ್ಲ," ಎಂದು ಪ್ಲಂಬರ್ ಮೇಸ್ತ್ರಿ ರಿಪೋರ್ಟನ್ನು ಮೇಜಿನ ಆಚೆಗೆ ತಳ್ಳಿದ. ಪಕ್ಕದ ಕುರ್ಚಿಯಲ್ಲಿದ್ದ ಮಗಳು ತಲೆ ತಗ್ಗಿಸಿದಳು. ಅಪ್ಪ ಒಮ್ಮೆ ಶುರು ಹಚ್ಚಿಕೊಂಡರೆ ಬ್ರಹ್ಮ ಬಂದರೂ ನಿಲ್ಲಿಸಲಾರ ಎಂಬುದು ಅವಳಿಗೆ ಗೊತ್ತಿತ್ತು.

ಡಾಕ್ಟರಮ್ಮ ಮೂರನೆಯ ಸಲ ಬಿಡಿಸಿ ಹೇಳಿದರು. ಪ್ರಾಸ್ಟೇಟ್ ಕ್ಯಾನ್ಸರಿಗೆಂದು ಎರಡು ವರ್ಷ ಕೊಟ್ಟ ಇಂಜೆಕ್ಷನ್ನು ಗಂಡಸಿನ ಹಾರ್ಮೋನನ್ನೇ ಅಡಗಿಸಿಬಿಡುತ್ತದೆ. ನಿಲ್ಲಿಸಿ ಹದಿನಾಲ್ಕು ತಿಂಗಳಾದರೂ ಅದು ಎದ್ದಿಲ್ಲ. ಮುನ್ನೂರರ ಆಸುಪಾಸಿಗಾದರೂ ಬರಬೇಕಾದ ಟೆಸ್ಟೋಸ್ಟೆರಾನ್ ಇಪ್ಪತ್ತೆಂಟರಲ್ಲೇ ಕೂತಿದೆ. ಕ್ಯಾನ್ಸರಿನ ಸುಳಿವಿಲ್ಲ, ಅದಕ್ಕೆ ಸಂತೋಷಪಡಬೇಕು. ಮಿಕ್ಕಿದ್ದಕ್ಕೆ ಕಾಯಬೇಕು.

"ಎಷ್ಟು ದಿನ?"

"ಆರು ತಿಂಗಳಾಗಬಹುದು, ವರ್ಷವೂ ಆಗಬಹುದು. ನಿಮ್ಮ ವಯಸ್ಸಿನಲ್ಲಿ ಕೆಲವರಿಗೆ ಪೂರ್ತಿ ವಾಪಸ್ ಬರದೆಯೂ ಇರಬಹುದು."

"ನೀರು ಯಾವಾಗ ಬರುತ್ತೆ ಅಂತ ಕೇಳಿದವರಿಗೆ ನಾನು ಹೀಗೆ ಉತ್ತರ ಕೊಟ್ಟಿದ್ರೆ ಒಬ್ಬರೂ ಮನೆಯೊಳಗೆ ಸೇರಿಸ್ತಿರಲಿಲ್ಲ," ಎಂದ ಅಪ್ಪ. "ಶಕ್ತಿ ಬಂದಿದೆ ಅಂತ ನಾನೇ ಹೇಳ್ತಿದ್ದೀನಲ್ಲ. ಮೊನ್ನೆ ಮೂರನೇ ಮಹಡೀಲಿ ಮೂವತ್ತು ವರ್ಷದ ಪೈಪ್ ಜಾಯಿಂಟು, ತುಕ್ಕು ಹಿಡಿದು ಕಲ್ಲಾಗಿತ್ತು. ರೆಂಚ್ ಹಾಕಿ ಒಂದೇ ಎಳೆತ. ಬೆಣ್ಣೆ ತರಹ ಬಂತು. ಬೇಕಿದ್ರೆ ಇವಳನ್ನೇ ಕೇಳಿ."

ಬೆಣ್ಣೆಯಂತೆ ಬರದೆ ಇನ್ನೇನಾದೀತು. ಆ ಜಾಯಿಂಟನ್ನು ಮೊದಲೇ ಸಡಿಲಿಸಿ, ಕಾಣದ ಹಾಗೆ ಬೆರಳಲ್ಲಿ ಬಿಗಿದಿಟ್ಟವಳು ಅವಳೇ. ಒಂದು ಕಾಲಕ್ಕೆ ಈ ಮನುಷ್ಯನ ಹಿಡಿತ ನೋಡಿ ಕಸುಬಿನವರೆಲ್ಲ 'ಉಡ' ಎಂದು ಕರೆಯುತ್ತಿದ್ದರು. ಎಂಟು ತಿಂಗಳ ಹಿಂದೆ ಯಾರದೋ ಬಚ್ಚಲುಮನೆಯಲ್ಲಿ ಅದೇ ಕೈಯಿಂದ ರೆಂಚ್ ಜಾರಿ ಬಿದ್ದಾಗ, ಮನೆಯವರ ಎದುರಿಗೇ ಒದ್ದೆ ನೆಲದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಅಪ್ಪನ ಸಾಮಾನಿನ ಚೀಲ ಹೊರಲು ಎರಡು ತಿಂಗಳ ಮಟ್ಟಿಗೆಂದು ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದಿದ್ದ ಮಗಳಿಗೆ ಅದನ್ನು ನೋಡಲಾಗಲಿಲ್ಲ. ಅಂದಿನಿಂದ ಅಪ್ಪ ಒಂದೊಂದು ತಿರುವಿನಲ್ಲೂ ಕೂತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಷ್ಟರಲ್ಲಿ, "ಎಲ್ಲಿ ಸೋರ್ತಿದೆ ನೋಡಿರ್ತೀನಿ" ಎಂದು ಅವಳು ಮೇಲಕ್ಕೆ ಓಡುತ್ತಿದ್ದಳು.

"ನಾಳೆಯಿಂದ ಒಂದು ನಾಲ್ಕು ಮಹಡಿ ಕಟ್ಟಡದ ಮೇನ್ ಲೈನ್ ಬದಲಾಯಿಸೋ ಕೆಲಸ ಒಪ್ಪಿಕೊಂಡಿದ್ದೀನಿ," ಅಪ್ಪ ಹೇಳುತ್ತಲೇ ಇದ್ದ. "ನಾನೊಬ್ಬನೇ. ಇವಳು ಇನ್ನು ಅವಳ ಅಂಗಡಿ ಕೆಲಸಕ್ಕೆ ವಾಪಸ್ ಹೋಗಲಿ."

"ಏಣಿ ಹತ್ತಬೇಕಾ? ಮೂಳೆ ಸವೆದಿದೆ, ಬಿದ್ರೆ ಪುಡಿಯಾಗುತ್ತೆ ಅಂತ ಹೋದ ಸಲವೇ ಹೇಳಿದ್ದೆ." ಡಾಕ್ಟರಮ್ಮನ ತಾಳ್ಮೆಯೂ ತೀರಿತ್ತು. ಅವರು ಮಗಳ ಕಡೆ ತಿರುಗಿದರು. "ನೀನು ಹೇಳಮ್ಮ, ಜೊತೇಲೇ ಇರ್ತೀಯಲ್ಲ. ಶಕ್ತಿ ಬಂದಿದೆಯಾ?"

ಹೌದೆಂದರೆ ನಾಳೆ ಏಣಿಯಿಂದ ಬೀಳುತ್ತಾನೆ. ಇಲ್ಲವೆಂದರೆ ಈಗಲೇ, ಇಲ್ಲೇ ಕುಸಿಯುತ್ತಾನೆ. ಇಷ್ಟು ತಿಂಗಳು ಅದುಮಿಟ್ಟಿದ್ದ ಸಿಟ್ಟಿನಲ್ಲಿ ಮಗಳು ಅಪ್ಪನ ಕಡೆ ತಿರುಗಿದಳು.

"ಎಲ್ಲಿ ಬಂದಿದೆ? ಮೊನ್ನೆಯದನ್ನ ಸಡಿಲ ಮಾಡಿಟ್ಟಿದ್ದು ನಾನು. ಅದರ ಹಿಂದಿನದೂ ನಾನೇ. ಎಂಟು ತಿಂಗಳಿಂದ ಎಲ್ಲಾನೂ ನಾನೇ. ನನಗೂ ಸಾಕಾಗಿಹೋಗಿದೆ ಅಪ್ಪ."

ಅಪ್ಪ ಎದ್ದು ಹೊರಗೆ ಹೋದ. ಮುಂದಿನ ಪರೀಕ್ಷೆಯ ಚೀಟಿ ಇಸಿದುಕೊಂಡು ಮಗಳು ಹೋಗಿ ನೋಡಿದರೆ, ಹಜಾರದ ಬೆಂಚಿನ ತುದಿಯಲ್ಲಿ ಕೂತಿದ್ದ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಆ ಇಂಜೆಕ್ಷನ್ ಶುರುವಾದಾಗಿನಿಂದ ಬೆವರೂ ಕಣ್ಣೀರೂ ಹೇಳದೆ ಕೇಳದೆ ಬರುತ್ತಿದ್ದವು. ಎರಡನ್ನೂ ಒಂದೇ ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದ. ಮಗಳು ಪಕ್ಕದಲ್ಲಿ ಕೂತಳು. ಅಷ್ಟು ಜನರ ಮುಂದೆ ಬಾಯಿಗೆ ಬಂದ ಹಾಗೆ ಬೈದರೂ ಪರವಾಗಿಲ್ಲ, ಏನಾದರೂ ಮಾತಾಡಲಿ ಎನಿಸಿತು ಅವಳಿಗೆ.

"ಮೊನ್ನೆಯದಕ್ಕೆ ಎಷ್ಟು ಹೊತ್ತು ಹಿಡೀತು?" ಅಪ್ಪ ಗೋಡೆ ನೋಡುತ್ತಲೇ ಕೇಳಿದ.

"ಕಾಲು ಗಂಟೆ."

"ಕಾಲು ಗಂಟೆ?" ಹುಬ್ಬು ಗಂಟಿಕ್ಕಿತು. "ಪೈಪನ್ನ ಯಾವುದರಲ್ಲಿ ಹಿಡಿದುಕೊಂಡಿದ್ದೆ?"

"ಯಾವುದರಲ್ಲೂ ಇಲ್ಲ. ದೊಡ್ಡ ರೆಂಚ್ ಹಾಕಿ ಜಗ್ಗಿದೆ."

"ಒಂದೇ ರೆಂಚಾ?" ಅಪ್ಪನ ಧ್ವನಿ ಏರಿದ್ದಕ್ಕೆ ಎದುರು ಬೆಂಚಿನವರು ತಲೆಯೆತ್ತಿದರು. "ಒಂದರಲ್ಲಿ ಪೈಪ್ ಅದುಮಿ ಹಿಡಿದು ಇನ್ನೊಂದರಲ್ಲಿ ತಿರುಗಿಸಬೇಕು ಕಣೇ. ಇಲ್ಲದಿದ್ರೆ ಅರ್ಧ ಶಕ್ತಿ ಪೈಪ್ ತಿರುಚೋಕೇ ಹೋಗುತ್ತೆ. ಗೋಡೆಯೊಳಗಿನ ಜಾಯಿಂಟೂ ಹಾಳು, ಕೈಯೂ ಹಾಳು. ಎಲ್ಲಿ, ಕೈ ಕೊಡು."

ಬೇಡವೆಂದರೂ ಬಿಡದೆ ಅವಳ ಬಲಗೈ ಎಳೆದುಕೊಂಡ. ಮಣಿಕಟ್ಟು ಊದಿತ್ತು. ಹೆಬ್ಬೆರಳಲ್ಲಿ ಒತ್ತಿದ ಕೂಡಲೇ ಅವಳು ಮುಖ ಕಿವುಚಿದಳು.

"ಎಂಟು ತಿಂಗಳೂ ಹೀಗೇನಾ?" ಕಣ್ಣೀರು ಗಲ್ಲಕ್ಕಿಳಿಯುತ್ತಿದ್ದರೂ ಅಪ್ಪನಿಗೆ ಅದರ ಪರಿವೆಯೇ ಇರಲಿಲ್ಲ. ಸಿಟ್ಟು ಮಾತ್ರ ಹಳೆಯ ಮೇಸ್ತ್ರಿಯದೇ. "ಅಲ್ಲ ಕಣೇ, ನನಗೆ ಗೊತ್ತಾಗದ ಹಾಗೆ ಮಾಡೋದೇ ಆದ್ರೂ, ಹೇಗೆ ಮಾಡೋದು ಅಂತ ನನ್ನನ್ನ ಒಂದು ಮಾತು ಕೇಳಬಾರದಾ?"