ಖಂಡಪ್ಪನ ನಳಿಗೆ, ಹುಚ್ಚವ್ವನ ಅಳತೆ

ಖಂಡಪ್ಪ ಕರವಸ್ತ್ರದ ಗಂಟು ಬಿಚ್ಚಿ, ಬೆರಳುದ್ದದ ಒಂದು ಕಣಕದ ತುಂಡನ್ನು ಗಾಜಿನ ಪೆಟ್ಟಿಗೆಯ ಮೇಲೆ ಮೆಲ್ಲಗೆ ಮಲಗಿಸಿದ. ಬಿಜಾಪುರದಲ್ಲಿ ಬಂದೂಕು, ಗುಂಡು ಮಾರುವ ಅಬ್ದುಲಸಮದ ಅದನ್ನೊಮ್ಮೆ ನೋಡಿ, ಹೋಳಿಗೆಯ ಅಂಗಡಿ ಇಲ್ಲಲ್ಲ, ಸಿದ್ಧೇಶ್ವರ ಗುಡಿಯ ಕಡೆ ಹೋಗಿ ಎಂದ.

"ಹೋಳಿಗಿ ಅಲ್ರಿ ಸಾಹೇಬ್ರ. ನಮ್ಮಜ್ಜನ ಪಿಸ್ತೂಲಿನ ನಳಗಿ ಅಳತಿ ಇದು. ಇದಕ್ಕ ಕೂಡೂವಂಥಾ ಆರು ಗುಂಡು ಕೊಡ್ರಿ."

ಪಿಸ್ತೂಲನ್ನೇ ತರಬಹುದಿತ್ತು, ಲೈಸೆನ್ಸೂ ಇತ್ತು. ಆದರೆ ಎಮರ್ಜೆನ್ಸಿಯ ದಿನಗಳು. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಟಿಕೋಟಾದಲ್ಲಿ ಬಸ್ಸು ಹತ್ತಿದವನು ಇಳಿಯುವುದು ಪೊಲೀಸ್ ಠಾಣೆಯಲ್ಲೇ ಎಂದು ಯಾರೋ ಹೆದರಿಸಿದ್ದರು. ಅದಕ್ಕೇ ಈ ಉಪಾಯ: ನಳಿಗೆಗೆ ಕಣಕ ತುರುಕಿ ಅಚ್ಚು ತೆಗೆಯುವುದು. ಕಣಕ ನಾದುವುದು ಗಂಡಸಿನ ಕೆಲಸವಲ್ಲವೆಂದು ಪಿಸ್ತೂಲನ್ನು ಹೆಂಡತಿ ಹುಚ್ಚವ್ವನ ಕೈಗೆ ಕೊಟ್ಟು, ಖಂಡಪ್ಪ ದಾಡಿ ಮಾಡಿಸಿಕೊಳ್ಳಲು ಹೋಗಿದ್ದ.

ಗುಂಡು ಬೇಕಾದದ್ದು ತಮ್ಮ ಯಲಗೂರಪ್ಪನಿಗಾಗಿ. ಅವನ ಟಗರು ಅಣ್ಣನ ಜೋಳ ಮೇಯ್ದಿತ್ತು. ಮೇಯ್ದದ್ದು ಟಗರು, ಗುದ್ದಾಡಿದ್ದು ಅಣ್ಣತಮ್ಮ. ಬಬಲೇಶ್ವರದ ಸಂತೆಯಲ್ಲಿ ಹತ್ತು ಮಂದಿಯ ಮುಂದೆ ತಮ್ಮ ಅಂದುಬಿಟ್ಟ: "ನಮ್ಮಣ್ಣನ ಪಿಸ್ತೂಲ ಖಂಡೇನವಮಿಗೆ ಕುಂಕುಮ ಹಚ್ಚಾಕಷ್ಟ. ಅದರಾಗೂ ಏನಿಲ್ಲ, ಅವನಾಗೂ ಏನಿಲ್ಲ." ಬರುವ ಸಂತೆಯೊಳಗೆ ಗುಂಡು ತುಂಬಿ ನಿನ್ನ ಎದೆಗೇ ತೋರಿಸುತ್ತೇನೆ ಎಂದು ಖಂಡಪ್ಪ ಆಣೆ ಮಾಡಿದ. ಗುಂಡಿಗೆ ನಳಿಗೆ ಬೇಕು, ನಳಿಗೆಗೆ ಗುಂಡು ಬೇಕು, ಎರಡಕ್ಕೂ ಗುಂಡಿಗೆ ಬೇಕು. ಖಂಡಪ್ಪನ ಹತ್ತಿರ ಇದ್ದದ್ದು ನಳಿಗೆ ಮತ್ತು ಸಿಟ್ಟು. ಹುಚ್ಚವ್ವ ಸೊಸೆಯಾಗಿ ಬಂದಾಗ ಯಲಗೂರಪ್ಪ ತಾಯಿಲ್ಲದ ಕೂಸು. ತುತ್ತಿಟ್ಟು ಬೆಳೆಸಿದವಳು ಅವಳೇ. ಹುಚ್ಚು ಅವಳ ಹೆಸರಲ್ಲಿ ಮಾತ್ರ ಇತ್ತು. ಈ ಜಗಳದಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಅಬ್ದುಲಸಮದ ಒಂದೊಂದೇ ಡಬ್ಬಿ ತೆಗೆದು ಗುಂಡುಗಳನ್ನು ಕಣಕದ ಪಕ್ಕದಲ್ಲಿ ನಿಲ್ಲಿಸಿದ. ಆನೆಯ ಪಕ್ಕದಲ್ಲಿ ಆಡಿನ ಮರಿ ನಿಂತಂತೆ ಕಂಡವು.

"ಇದು ಪಿಸ್ತೂಲಿಂದೋ, ಮುಲ್ಕ್ ಮೈದಾನ ತೋಪಿಂದೋ ಗೌಡ್ರ?"

ಅಜ್ಜನ ಕಾಲದ ಮಾಲೆಂದರೆ ಹಾಗೇ ಎಂದು ಖಂಡಪ್ಪ ಮೀಸೆಯ ಮೇಲೆ ಕೈಯಾಡಿಸಿದ. ಇದ್ದದ್ದರಲ್ಲೇ ದಪ್ಪಂದು ಕೊಟ್ಟರೂ ನಡೆಯುತ್ತದೆ ಎಂದ.

"ಹಂಗ ನಡಿಯಾಂಗಿಲ್ರಿ. ಅಳತಿ ತಪ್ಪಿದ್ರ ಆಮ್ಯಾಲ ಮನಿ ಮಂದಿ ಅಳತಾರ." ಹಾಗೆನ್ನುತ್ತ ಅಬ್ದುಲಸಮದ ಕಣಕದಿಂದ ಬೆರಳಿಗೆ ಹತ್ತಿದ ಕಪ್ಪನ್ನು ತಿಕ್ಕಿ ನೋಡಿದ. ಮದ್ದಿನ ಮಸಿಯಲ್ಲ. ಇದ್ದಿಲ ಬೂದಿ. ಮೂಸಿದರೆ ಒಲೆಯ ವಾಸನೆ.

"ಅಳತಿ ಯಾರು ತಗದಾರ?"

"ನಮ್ಮ ಮನ್ಯಾಕಿ."

"ಗುಂಡು ಯಾರಿಗಿ?"

ಖಂಡಪ್ಪ ಗೋಡೆಯ ಕ್ಯಾಲೆಂಡರಿನ ಕಡೆ ಮುಖ ತಿರುಗಿಸಿದ. "ತಮ್ಮಗ."

ಅಬ್ದುಲಸಮದ ಗುಂಡುಗಳನ್ನೆಲ್ಲ ಡಬ್ಬಿಗೆ ಹಾಕಿ ಕಪಾಟಿನ ಕೀಲಿ ಹಾಕಿದ. ಕಣಕವನ್ನು ಮಾತ್ರ ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿ ಕೊಟ್ಟ. "ಇದಕ್ಕ ಕೂಡೂ ಗುಂಡು ಬಿಜಾಪುರದಾಗಲ್ಲ, ದುನಿಯಾದಾಗ ಸಿಗೂದಿಲ್ರಿ. ಅಳತಿ ತಗದವರಿಗೆ ನನ್ನ ಸಲಾಂ ಹೇಳ್ರಿ."

ಬಸ್ಸು ತೊರವಿ ದಾಟಿ ಟಿಕೋಟಾ ಮುಟ್ಟಿದರೂ ಆ ಸಲಾಮು ಯಾಕೆಂದು ಖಂಡಪ್ಪನಿಗೆ ಹೊಳೆಯಲಿಲ್ಲ.

ಮನೆಯ ತುಂಬ ಹೊಗೆ. ಹುಚ್ಚವ್ವ ಒಲೆಯ ಮುಂದೆ ಕೂತು ಕಬ್ಬಿಣದ ಊದುಗೊಳವೆಯಿಂದ ಊದುತ್ತಿದ್ದಳು. ಅವಳ ಕೆನ್ನೆ ಉಬ್ಬುತ್ತಿತ್ತು, ಉರಿ ಏಳುತ್ತಿರಲಿಲ್ಲ. "ಅಳತಿ ಕೂಡಿತೇನ್ರಿ?" ಎಂದು ತಿರುಗದೆಯೇ ಕೇಳಿದಳು.

ಖಂಡಪ್ಪ ಗೋಡೆಯಲ್ಲಿನ ದೇವರ ಮಾಡಿನಿಂದ ಪಿಸ್ತೂಲು ತೆಗೆದು, ಕಣಕದ ತುಂಡನ್ನು ಅದರ ಬಾಯಿಗೆ ಹಿಡಿದ. ತುದಿಯೂ ಒಳಗೆ ಹೋಗಲಿಲ್ಲ. ನಳಿಗೆಯ ಬಾಯಿಗೆ ಹಚ್ಚಿದ್ದ ಹೋದ ಖಂಡೇನವಮಿಯ ಆಯುಧಪೂಜೆಯ ಕುಂಕುಮ ಚೂರೂ ಅಳಿಸಿರಲಿಲ್ಲ. ಅವನ ಕಣ್ಣು ಊದುಗೊಳವೆಯ ಕಡೆ ಹೊರಳಿತು. ಅದರ ತುದಿಯಲ್ಲಿ ಒಣಗಿದ ಕಣಕ ಉಂಗುರದ ಹಾಗೆ ಕಚ್ಚಿಕೊಂಡಿತ್ತು.

ಪರಾತದಲ್ಲಿ ನಾದಿದ ಹಿಟ್ಟಿತ್ತು. ಕೈಯಲ್ಲಿ ಪಿಸ್ತೂಲಿತ್ತು. ಬಿಜಾಪುರಕ್ಕೆ ನಾಳೆಯೂ ಬಸ್ಸಿತ್ತು. ಹುಚ್ಚವ್ವ ಊದುವುದನ್ನು ನಿಲ್ಲಿಸಿ, ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಖಂಡಪ್ಪ ಪಿಸ್ತೂಲನ್ನು ಮಾಡಿನಲ್ಲಿಟ್ಟು ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಕೊಳವೆ ಇಸಿದುಕೊಂಡು, ಕಡ್ಡಿಯಿಂದ ಕಣಕ ಕೆದಕಿ ತೆಗೆದು, ಒಮ್ಮೆ ಊದಿದ. ಉರಿ ಭುಗ್ಗೆಂದಿತು.

"ಕೂಡಲಿಲ್ಲ," ಎಂದ. "ಅಂಗಡಿಯಾವ ನಿನಗ ಸಲಾಂ ಹೇಳ್ಯಾನ."

ಆಮೇಲೆ ಕೊಳವೆಯನ್ನು ಅವಳ ಕೈಗೆ ಕೊಟ್ಟು ಎದ್ದ.

"ತೊಳದ ಇಡು. ಮುಂದಿನ ಸಂತಿಗೂ ಇದರ ಅಳತೀನ ಬೇಕಾಗತೈತಿ."